ಪಾರ್ಕಿನ್ಸನ್ ರೋಗಿಯ ದನಿ ಅಳೆಯಲು ‘ಪ್ರಾಟ್’: ಮನೆಯಲ್ಲಿ ಬಳಸಿ ನೋಡಿದ್ದು

ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ತಂದೆಯವರ ದನಿ ತಗ್ಗುತ್ತಿರುವುದು ಮನೆಯವರಿಗೆಲ್ಲ ತಿಳಿದಿತ್ತು. ಅವರು ಮಾತ್ರ ತಾವು ಎಂದಿನಂತೆಯೇ ಮಾತನಾಡುತ್ತಿರುವುದಾಗಿ ವಾದಿಸುತ್ತಿದ್ದರು. (ತನ್ನ ದನಿ ಕುಗ್ಗಿದ್ದು ತನಗೇ ಅರಿವಾಗದಿರುವುದು ಈ ಕಾಯಿಲೆಯಲ್ಲಿ ಸಾಮಾನ್ಯ.) ವಾದಕ್ಕಿಂತ ಅಳತೆ ಮೇಲೆಂದು ನಾನು ಆರಿಸಿಕೊಂಡದ್ದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವನ್ನು.

ಒಂದೇ ಉಸಿರಿನಲ್ಲಿ ಎಳೆದ ‘ಆ’ಕಾರವನ್ನು ಧ್ವನಿಮುದ್ರಿಸಿ, ಅದರ ಸ್ಥಿರವಾದ ನಡುಭಾಗವನ್ನು ಆಯ್ದು ‘ವಾಯ್ಸ್ ರಿಪೋರ್ಟ್’ ಒತ್ತಿದರೆ, ದನಿತಂತುಗಳ ಒಂದು ಕಂಪನಕ್ಕೂ ಮುಂದಿನದಕ್ಕೂ ಅವಧಿಯಲ್ಲಿರುವ ಏರುಪೇರು ‘ಜಿಟರ್’ ಎಂದೂ, ವೈಶಾಲ್ಯದಲ್ಲಿರುವ (ಕಂಪನದ ಬಲದಲ್ಲಿರುವ) ಏರುಪೇರು ‘ಶಿಮರ್’ ಎಂದೂ ಶೇಕಡಾವಾರು ಅಂಕಿಗಳಾಗಿ ಮೂಡುತ್ತವೆ; ಇವುಗಳ ಜೊತೆಗೆ ದನಿಯಲ್ಲಿ ನಾದವೆಷ್ಟು, ಗೊಗ್ಗರುತನವೆಷ್ಟು ಎಂಬ ಅನುಪಾತವೂ ಡೆಸಿಬೆಲ್‌ಗಳಲ್ಲಿ ದೊರೆಯುತ್ತದೆ. ಜಿಟರ್‌ಗೆ ಶೇ. 1.04 ಎಂಬ, ಮೀರಿದರೆ ದನಿಯಲ್ಲಿ ದೋಷವಿದೆಯೆನ್ನುವ ಗಡಿಯನ್ನು ಕೈಪಿಡಿ ಉಲ್ಲೇಖಿಸುತ್ತದಾದರೂ, ಅದು ಬೇರೊಂದು ತಂತ್ರಾಂಶದ ಅಳತೆಗೆ ಸೇರಿದ್ದೆಂದು ಎಚ್ಚರಿಸುವ ಪ್ರಾಮಾಣಿಕತೆ ನನಗೆ ಹಿಡಿಸಿತು.

ಹೊಸಬರಿಗೆ ಇದು ಸುಲಭವಲ್ಲ. ಪರದೆ ತುಂಬ ಇಂಗ್ಲಿಷ್ ಪಾರಿಭಾಷಿಕ ಪದಗಳು. ಗಂಡಸರ ಮತ್ತು ಹೆಂಗಸರ ದನಿಗೆ ತಕ್ಕಂತೆ ಸ್ಥಾಯಿಯ ಮಿತಿಗಳನ್ನು ನಾವೇ ಹೊಂದಿಸಬೇಕು. ಗಟ್ಟಿತನದ ಅಂಕಿಯನ್ನಂತೂ ಮೈಕಿನ ದೂರವನ್ನು ಗುರುತಿಸಿಕೊಳ್ಳದೆ ನಂಬಬಾರದು, ಏಕೆಂದರೆ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಕುಸಿಯುತ್ತದೆ. ನಮ್ಮ ಮೊದಲ ಮುದ್ರಣದ ನಡುವೆ ಕುಕ್ಕರ್ ಕೂಗಿತು. ಎರಡನೆಯದರಲ್ಲಿ ಫ್ಯಾನಿನ ಸದ್ದು ಸೇರಿ ಅಂಕಿಗಳು ಕೆಟ್ಟವು. ಆಮೇಲೆ ಮೈಕನ್ನು ಬಾಯಿಂದ ಒಂದು ಗೇಣು ದೂರಕ್ಕೆ ನಿಲ್ಲಿಸಿ, ಕಾಯಿಲೆಯ ಮಾತ್ರೆಯ ಪರಿಣಾಮ ಪ್ರತಿ ಸಲವೂ ಒಂದೇ ಹಂತದಲ್ಲಿರಲೆಂದು ಅದನ್ನು ನುಂಗಿದ ಒಂದು ಗಂಟೆಯ ನಂತರ, ಪ್ರತಿ ಭಾನುವಾರ ಅದೇ ಕೋಣೆಯಲ್ಲಿ ಮುದ್ರಿಸತೊಡಗಿದೆವು. ಆ ಹಾಳೆಗಳನ್ನು ಕಂಡ ವಾಕ್‌ಚಿಕಿತ್ಸಕಿ ಅಂಕಿಗಳಿಗಿಂತ ಮೊದಲು ಕೇಳಿದ್ದು ಮಾತ್ರೆಯ ಸಮಯವನ್ನೇ.