ಬ್ಲೂ ಕಾರ್ಡ್ ಅರ್ಜಿಗೆ ಏಜೆನ್ಸಿ ಹಿಡಿದ ಅನುಭವ: 33,040 ರೂಪಾಯಿಗೆ ಸಿಕ್ಕಿದ್ದೇನು?

2025ರ ಆರಂಭದಲ್ಲಿ ಸ್ಟುಟ್‌ಗಾರ್ಟ್ ಸಮೀಪದ ವಾಹನ ಬಿಡಿಭಾಗಗಳ ಕಂಪನಿಯೊಂದರಿಂದ ನನಗೆ ಕೆಲಸದ ಕರಾರುಪತ್ರ ಬಂದಿತು. ಪದವೀಧರ ವಿದೇಶಿಯರಿಗೆ ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿಯಾದ ಜರ್ಮನಿಯ ಇಯು ಬ್ಲೂ ಕಾರ್ಡ್‌ಗೆ ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡಲು ಬೆಂಗಳೂರಿನ ಏಜೆನ್ಸಿಯೊಂದಕ್ಕೆ 28,000 ರೂಪಾಯಿ ಮತ್ತು ಜಿಎಸ್‌ಟಿ ಸೇರಿಸಿ ಒಟ್ಟು 33,040 ರೂಪಾಯಿ ಕಟ್ಟಿದೆ. ವೀಸಾ ಸಿಕ್ಕಿತು, ಕೆಲಸಕ್ಕೂ ಸೇರಿದೆ. ಹಾಗಿದ್ದರೂ ಆ ಸೇವೆಗೆ ಐದರಲ್ಲಿ ಎರಡು ನಕ್ಷತ್ರಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಅವರು ಮೊದಲು ಮಾಡಿದ ಕೆಲಸ ‘ಅರ್ಹತಾ ಪರಿಶೀಲನೆ’. ಅದರಲ್ಲಿ ನೋಡಬೇಕಾದದ್ದು ಎರಡೇ ಸಂಗತಿ: ಪದವಿಗೆ ಮಾನ್ಯತೆ ಇದೆಯೇ, ಸಂಬಳ ಸಾಲುತ್ತದೆಯೇ. 2025ರಲ್ಲಿ ಬ್ಲೂ ಕಾರ್ಡ್‌ಗೆ ಸಾಮಾನ್ಯವಾಗಿ ಬೇಕಿದ್ದ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 48,300 ಯೂರೋ. ಜನ ಸಿಗದ ವೃತ್ತಿಗಳಿಗೆ ಮತ್ತು ಹೊಸದಾಗಿ ಪದವಿ ಪಡೆದವರಿಗೆ 43,759.80 ಯೂರೋ. ನನ್ನ ಸಂಬಳ ಮೊದಲನೆಯ ಮಿತಿಯನ್ನೇ ದಾಟಿದ್ದರಿಂದ ಜರ್ಮನ್ ಉದ್ಯೋಗ ಇಲಾಖೆಯ ಒಪ್ಪಿಗೆಯ ಅಗತ್ಯವೇ ಇರಲಿಲ್ಲ. ಆದರೆ ಅವರು ಕೊಟ್ಟ ಪಟ್ಟಿಯಲ್ಲಿ ‘ಒಪ್ಪಿಗೆಯ ಫಾಲೋಅಪ್’ ಎಂಬ ಬಾಬತ್ತು ಮೊದಲ ಪುಟದಲ್ಲೇ ಇತ್ತು. ಪದವಿಯ ವಿಷಯಕ್ಕೆ ಅನಾಬಿನ್ ಎಂಬ ಉಚಿತ ಜಾಲತಾಣವಿದೆ. ಅಲ್ಲಿ ಓದಿದ ಕಾಲೇಜಿನ ಹೆಸರನ್ನಲ್ಲ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಬೇಕು. ಅದರ ಮುಂದೆ ಎಚ್ ಪ್ಲಸ್ (ಮಾನ್ಯತೆ ಇದೆ ಎಂಬ ಗುರುತು) ಎಂದಿದ್ದು, ಪದವಿಯೂ ಜರ್ಮನ್ ಪದವಿಗೆ ಸಮಾನವೆಂದು ನಮೂದಾಗಿದ್ದರೆ ಆ ಪುಟಗಳನ್ನು ಮುದ್ರಿಸಿ ಲಗತ್ತಿಸಿದರಾಯಿತು. ಏಜೆನ್ಸಿಯವರು ಮಾಡಿದ್ದೂ ಅಷ್ಟನ್ನೇ. ನನ್ನ ತಮ್ಮನ ಪದವಿಯನ್ನು ನಾನೇ ಹುಡುಕಿ ನೋಡಿದಾಗ ಹತ್ತು ನಿಮಿಷ ಹಿಡಿಯಿತು. ತಮ್ಮ ವಿಶ್ವವಿದ್ಯಾಲಯ ಅಥವಾ ಪದವಿ ಆ ತಾಣದಲ್ಲಿ ಹೀಗೆ ಸಿಗದವರು ಮಾತ್ರ 208 ಯೂರೋ ಕಟ್ಟಿ ಪದವಿಯ ಹೋಲಿಕೆ ಪತ್ರ ತರಿಸಬೇಕಾಗುತ್ತದೆ.

ನಿಜವಾಗಿ ಹಣ ಕೊಡಬೇಕಾದ ಕೆಲಸವೆಂದರೆ ಹೆಸರುಗಳನ್ನು ತಾಳೆ ನೋಡುವುದು. ನಮ್ಮ ಕಡೆಯವರ ಹೆಸರಿನ ಗೋಜಲು ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇದೆ. ಪದವಿ ಪ್ರಮಾಣಪತ್ರದಲ್ಲಿ ಅದೇ ಇನಿಷಿಯಲ್ ಹೆಸರಿನ ಮುಂದಕ್ಕೆ ಹಾರಿದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ತಂದೆಯ ಪೂರ್ತಿ ಹೆಸರಾಗಿ ಸರ್‌ನೇಮ್ ಕಾಲಂನಲ್ಲಿ ಕುಳಿತಿದೆ. ಮದುವೆ ನೋಂದಣಿ ಪತ್ರದಲ್ಲಿ ಊರಿನ ಹೆಸರೂ ಸೇರಿಕೊಂಡಿದೆ. ಈ ನಾಲ್ಕೂ ನಾನೇ ಎಂಬುದು ನನಗೆ ಗೊತ್ತು, ಜರ್ಮನ್ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಎರಡು ಬಾರಿ ‘ಅಂತಿಮ ಪರಿಶೀಲನೆ’ ನಡೆಸಿದ ಏಜೆನ್ಸಿಯ ಕಣ್ಣಿಗೆ ಇದು ಬೀಳಲಿಲ್ಲ. ಅರ್ಜಿ ಕೊಡಲು ಹೋದ ದಿನ ಕೌಂಟರಿನಲ್ಲಿದ್ದ ಮಹಿಳೆ ಪಾಸ್‌ಪೋರ್ಟು ಮತ್ತು ಪದವಿ ಪತ್ರವನ್ನು ಪಕ್ಕಪಕ್ಕದಲ್ಲಿಟ್ಟು, ಪೆನ್ನಿನ ತುದಿಯಿಂದ ಎರಡೂ ಹೆಸರುಗಳನ್ನು ಮುಟ್ಟಿ ತೋರಿಸಿ, ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನಿದೆ ಎಂದು ಕೇಳಿದರು. ಅಲ್ಲಿಂದ ಹೊರಬಂದು, ಇ-ಸ್ಟಾಂಪ್ ಕಾಗದದಲ್ಲಿ ಅಫಿಡವಿಟ್ ಬರೆಸಿ, ನೋಟರಿಯ ಮೊಹರು ಹಾಕಿಸಿಕೊಂಡು, ಕೌಂಟರ್ ಮುಚ್ಚುವ ಮೊದಲು ಏದುಸಿರು ಬಿಡುತ್ತಾ ಮರಳಿದೆ. ಫೋನ್ ಮಾಡಿದಾಗ ಏಜೆನ್ಸಿಯವರು, “ಸಾಮಾನ್ಯವಾಗಿ ಇದನ್ನೆಲ್ಲ ಕೇಳುವುದಿಲ್ಲ ಸರ್” ಎಂದರು.

ಇದಕ್ಕಿಂತ ದೊಡ್ಡ ತಪ್ಪು ನನ್ನ ಹೆಂಡತಿಯ ವಿಷಯದಲ್ಲಿ ಆಯಿತು. ಆಕೆಯ ವೀಸಾಕ್ಕೆ ಜರ್ಮನ್ ಭಾಷೆಯ ಎ1 (ಆರಂಭಿಕ ಹಂತದ) ಪ್ರಮಾಣಪತ್ರ ಕಡ್ಡಾಯವೆಂದು ಹೇಳಿ ತಮ್ಮದೇ ತರಗತಿಗೆ ಸೇರಿಸಿಕೊಂಡರು. ಬ್ಲೂ ಕಾರ್ಡ್ ಪಡೆದವರ ಸಂಗಾತಿಗೆ ಆ ಷರತ್ತಿಲ್ಲ. ಬಂದ ಮೇಲೆ ಪ್ರತ್ಯೇಕ ಅನುಮತಿಯಿಲ್ಲದೆ ಕೆಲಸವನ್ನೂ ಮಾಡಬಹುದು. ಇದು ಜರ್ಮನ್ ಸರ್ಕಾರದ ‘ಮೇಕ್ ಇಟ್ ಇನ್ ಜರ್ಮನಿ’ ತಾಣದಲ್ಲಿ ಸರಳ ಇಂಗ್ಲಿಷಿನಲ್ಲಿದೆ. ಕಲಿತ ಭಾಷೆ ದಂಡವಾಗಲಿಲ್ಲ, ಬೇಕರಿಯಲ್ಲಿ ಈಗಲೂ ನನಗಿಂತ ಆಕೆಯೇ ಚೆನ್ನಾಗಿ ಮಾತನಾಡುತ್ತಾಳೆ. ಆದರೆ ಆ ಹೆಸರಿನಲ್ಲಿ ಮೂರು ತಿಂಗಳು ಬೇರೆ ಬೇರೆ ಇರಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಕೆಲಸ ಬದಲಿಸುವ ನಿಯಮದ ಬಗ್ಗೆ ಅವರು ಕೊಟ್ಟ ಕರಪತ್ರವೂ 2023ರ ನವೆಂಬರ್‌ನ ತಿದ್ದುಪಡಿಗಿಂತ ಹಳೆಯದಾಗಿತ್ತು.

ಒಳ್ಳೆಯದನ್ನೂ ಹೇಳಬೇಕು. ಕಂಪನಿಯವರು ತುಂಬಿ ಸಹಿ ಮಾಡಬೇಕಾದ ಉದ್ಯೋಗ ಘೋಷಣೆಯ ನಮೂನೆಯಲ್ಲಿ ವಾರದ ಕೆಲಸದ ಗಂಟೆಗಳ ಕಾಲಂ ಖಾಲಿ ಉಳಿದಿದ್ದನ್ನು ಏಜೆನ್ಸಿಯ ಕಿರಿಯ ಹುಡುಗನೊಬ್ಬ ಗುರುತಿಸಿ, ಆ ದಿನವೇ ತಿದ್ದಿಸಿದ. ಪ್ರಯಾಣದ ದಿನದಿಂದ ಅಲ್ಲಿನ ಆರೋಗ್ಯ ವಿಮೆ ಶುರುವಾಗುವವರೆಗಿನ ಅವಧಿಗೆ ಬೇರೆ ವಿಮೆ ಬೇಕೆಂದು ನೆನಪಿಸಿದವನೂ ಅವನೇ. ಎರಡು ನಕ್ಷತ್ರಗಳೂ ಆ ಹುಡುಗನಿಗೆ ಸಲ್ಲಬೇಕು.

ವೀಸಾ ಶುಲ್ಕ 75 ಯೂರೋವನ್ನು ನಾನು ಬೇರೆಯಾಗಿಯೇ ಕಟ್ಟಿದೆ. ‘ಸಂಪೂರ್ಣ ನೆರವು’ ಎಂಬ ಅವರ ಮಾತು ವಿಮಾನ ಹತ್ತುವವರೆಗೆ ಮಾತ್ರ. ಕೈಯಲ್ಲಿದ್ದ ವೀಸಾದ ಮೇಲೆ ಕೆಲಸ ಶುರುಮಾಡಬಹುದಿತ್ತು, ಆದರೆ ಬ್ಲೂ ಕಾರ್ಡಿನ ಓಡಾಟ ಶುರುವಾಗುವುದೇ ಜರ್ಮನಿಗೆ ಬಂದ ಮೇಲೆ. ಮನೆ ಮಾಲೀಕರ ಪತ್ರ ಹಿಡಿದು ಎರಡು ವಾರದೊಳಗೆ ವಿಳಾಸ ನೋಂದಾಯಿಸುವುದು, ವಿದೇಶಿಯರ ಕಚೇರಿಯಲ್ಲಿ ದಿನಾಂಕ ಪಡೆಯುವುದು, ಬೆರಳಚ್ಚು ಕೊಟ್ಟು 100 ಯೂರೋ ಕಟ್ಟುವುದು, ಬಳಿಕ ಬರ್ಲಿನ್‌ನಲ್ಲಿ ಮುದ್ರಣವಾಗಿ ಬರುವ ಕಾರ್ಡಿಗೆ ಕಾಯುವುದು, ಎಲ್ಲವನ್ನೂ ನಾನೇ ಓದಿಕೊಂಡು ಮಾಡಿದೆ. ಹಾಗೆ ಕಾಯುತ್ತಿದ್ದ ದಿನಗಳಲ್ಲಿ ಏಜೆನ್ಸಿಯಿಂದ ಬಂದದ್ದು ಒಂದೇ ವಾಟ್ಸಾಪ್ ಸಂದೇಶ: ದಯವಿಟ್ಟು ಐದು ನಕ್ಷತ್ರಗಳ ವಿಮರ್ಶೆ ಬರೆಯಿರಿ.