ಝೀಝೀ ಗಿಡ ತಗೊಳ್ಳುವ ಮುಂಚೆ ಗಡ್ಡೆ ಇದೆಯಾ ನೋಡಿ

ಒಂದೊಂದಕ್ಕೆ 650 ರೂಪಾಯಿ. ನಾಲ್ಕು ಕುಂಡ. 2,600 ರೂಪಾಯಿ ಕೊಟ್ಟು ನಾನು ಮನೆಗೆ ತಂದದ್ದು ಗಿಡವೇ ಅಲ್ಲ, ಕೋಕೋಪೀಟ್‌ಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ಚುಚ್ಚಿದ ಕಡ್ಡಿಗಳು!

ಜಯನಗರದ ಕಡೆ ಒಂದು ನರ್ಸರಿ, ಹೆಸರು ಬೇಡ. ನಮ್ಮ ಹಾಲ್‌ಗೆ ಬಿಸಿಲು ಬರುವುದಿಲ್ಲ, ನಾನು ಆಗಾಗ ಊರಿಗೆ ಹೋಗಿ ವಾರಗಟ್ಟಲೆ ಇದ್ದು ಬರುತ್ತೇನೆ, ಅದಕ್ಕೇ ನೀರು ಜಾಸ್ತಿ ಕೇಳದ ಗಿಡ ಕೊಡಿ ಅಂದೆ. "ಇದು ತಗೊಳ್ಳಿ ಮೇಡಂ, ಹದಿನೈದು ದಿನ ನೀರು ಹಾಕ್ದಿದ್ರೂ ಏನೂ ಆಗಲ್ಲ" ಅಂದರು. ಆ ಮಾತು ನಿಜವೇ. ಅವರು ಕೊಟ್ಟ ಝೀಝೀ (ZZ) ಪೂರ್ವ ಆಫ್ರಿಕಾ ಕಡೆಯ ಗಿಡ, ಮಣ್ಣೊಳಗೆ ಆಲೂಗಡ್ಡೆ ತರಹದ ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ. ಎರಡು ನಾನಿಟ್ಟುಕೊಂಡು ಎರಡನ್ನು ಅಕ್ಕನ ಗೃಹಪ್ರವೇಶಕ್ಕೆ ಕೊಟ್ಟೆ.

ಎರಡು ತಿಂಗಳು ಎಲೆ ಹಸಿರಾಗಿಯೇ ಇತ್ತು. ಚಿಗುರು ಮಾತ್ರ ಒಂದೂ ಇಲ್ಲ. ಒಂದು ಭಾನುವಾರ ಅಕ್ಕನ ಫೋನ್. ಕಸ ಗುಡಿಸುವಾಗ ಅವಳ ಅತ್ತೆ ಕುಂಡ ಸರಿಸಲು ಹೋದರೆ ಕಾಂಡ ಕೈಗೇ ಬಂದಿದೆ. "ಏನೇ ಇದು, ಬೇರೇ ಇಲ್ವಲ್ಲೇ" ಅಂದಳು. ಅವಳ ಅತ್ತೆ ಮನೆಯವರ ಮುಂದೆ ನನ್ನ ಉಡುಗೊರೆಯ ಗತಿ ಇದು, ಎಷ್ಟು ನಾಚಿಕೆಯಾಯಿತು ಗೊತ್ತಾ.

ತಕ್ಷಣ ನನ್ನ ಕುಂಡದ್ದನ್ನೂ ಎಳೆದೆ. ಸಲೀಸಾಗಿ ಬಂತು. ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಗುರುತು ಇನ್ನೂ ಇತ್ತು, ಕಂದು ಬಣ್ಣಕ್ಕೆ ತಿರುಗಿ ಲೊಳಲೊಳ ಅನ್ನುತ್ತಿತ್ತು. ಐದು ಕಡ್ಡಿ, ಐದೂ ಹಾಗೇ. ಮೇಲೆ ಅಷ್ಟು ಒತ್ತಾಗಿ ಬಿಳಿ ಕಲ್ಲು ತುಂಬಿದ್ದು ಚೆಂದಕ್ಕೆ ಅಂದುಕೊಂಡಿದ್ದೆ. ಚೆಂದಕ್ಕಲ್ಲ, ಕಡ್ಡಿ ಅಲ್ಲಾಡಬಾರದು ಅಂತ!

ನರ್ಸರಿಯವರಿಗೆ ಫೋಟೋ ಕಳಿಸಿದೆ. "ನೀರು ಜಾಸ್ತಿ ಆಗಿದೆ ಮೇಡಂ" ಅಂದರು. ಎರಡು ತಿಂಗಳಲ್ಲಿ ಹಾಕಿದ್ದೇ ಮೂರು ಸಲ. ನೀರು ಜಾಸ್ತಿಯಾದರೆ ಗಡ್ಡೆ ಕೊಳೆಯುತ್ತದೆ, ಸರಿ, ಗಡ್ಡೆ ಎಲ್ಲಿ ಸ್ವಾಮಿ? ಅದಕ್ಕೆ ಬಂದ ಉತ್ತರ, "ಬೇರು ಬರುತ್ತೆ, ಟೈಮ್ ಕೊಡಿ." ಅಂದರೆ ಬೇರಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ? ನೇರವಾಗಿ ಹೋಗಿ ಕೇಳಿದರೆ ಬೇರೆ ಗಿರಾಕಿಗಳ ಮುಂದೆ ನಗುತ್ತಾ, "ಜೀವ ಇರೋ ವಸ್ತುಗೆಲ್ಲ ಗ್ಯಾರಂಟಿ ಕೊಡೋಕಾಗುತ್ತಾ ಮೇಡಂ?" ಆಮೇಲೆ ನನ್ನ ನಂಬರ್ ಬ್ಲಾಕ್.

ಕಡ್ಡಿಯಿಂದಲೂ ಝೀಝೀ ಬರುತ್ತದೆ, ತಿಂಗಳುಗಟ್ಟಲೆ ಬೇಕು. ಹಾಗಾದರೆ ಕಡ್ಡಿ ಅಂತ ಹೇಳಿ ಕಡ್ಡಿಯ ರೇಟಿಗೆ ಮಾರಲಿ. ಬೇರೆ ಗಿಡವಾದರೆ ನಾಲ್ಕು ದಿನಕ್ಕೇ ಬಾಡಿ ಗುಟ್ಟು ಬಯಲಾಗುತ್ತಿತ್ತು. ಇದರ ಕಾಂಡ, ಎಲೆಯಲ್ಲೂ ನೀರಿರುತ್ತದೆ, ವಾರಗಟ್ಟಲೆ ಹಸಿರಾಗಿರುತ್ತದೆ. ಬಾಡದ ಗಿಡ ಅಂತ ನಂಬಿ ತಂದೆ, ಆ ಗುಣವನ್ನೇ ಇಟ್ಟುಕೊಂಡು ಮೋಸ ಮಾಡಿದರು. ಸ್ನೇಕ್ ಪ್ಲಾಂಟ್ ಎಲೆಯನ್ನೂ ಹೀಗೆ ಚುಚ್ಚಿಡಬಹುದು, ನೋಡಿಕೊಳ್ಳಿ.

ಝೀಝೀ ತಗೊಳ್ಳುವಾಗ ಮೊದಲು ಮೇಲಿನ ಕಲ್ಲು ತೆಗೆಸಿ. ಕಾಂಡ ಮೆಲ್ಲಗೆ ಅಲ್ಲಾಡಿಸಿ. ಪ್ಲಾಸ್ಟಿಕ್ ಕುಂಡವಾದರೆ ಹೊರಗಿಂದ ಒತ್ತಿ, ಬೆಳೆದ ಗಿಡವಾದರೆ ಗಡ್ಡೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ತೋರಿಸಲ್ಲ ಅಂದರೆ ಎದ್ದು ಬನ್ನಿ.

ನಿನ್ನೆ ಅದೇ ರಸ್ತೆಯಲ್ಲಿ ಬಂದೆ. ಬಿಳಿ ಕಲ್ಲು ತುಂಬಿದ ಹೊಸ ಕುಂಡಗಳನ್ನು ಸಾಲಾಗಿ ಮುಂದೆಯೇ ಇಟ್ಟಿದ್ದಾರೆ.