ಮಳೆಗಾಲದ ಟೈರು, ಬೇಸಿಗೆಯ ಟೈರು: ಶಿರಸಿಯ ಅಂಗಡಿಯೊಂದರ ಸೇವೆ

ಶಿರಸಿ ಪೇಟೆಯಿಂದ ನಮ್ಮೂರಿನತ್ತ ಬರುವ ಡಾಂಬರು ರಸ್ತೆ ಶಾಲೆಯ ಎದುರಿಗೇ ಮುಗಿದುಹೋಗುತ್ತದೆ. ಅಲ್ಲಿಂದ ತೋಟದ ತಲೆಯಲ್ಲಿರುವ ಮನೆಯವರೆಗೆ ಒಂದು ಕಿಲೋಮೀಟರ್ ಕೆಮ್ಮಣ್ಣಿನ ಇಳಿಜಾರು. ಮೃಗಶಿರಾ ಮಳೆ ಹಿಡಿದ ನಾಲ್ಕೇ ದಿನಕ್ಕೆ ಅದೆಲ್ಲ ರಾಡಿಯಾಗಿ, ನಮ್ಮ ಬೊಲೆರೋ ಸಂಕದ ಹತ್ತಿರ ಅಡ್ಡಡ್ಡ ಜಾರತೊಡಗುತ್ತದೆ. ಹೀಗಾಗಿ ಮೂರು ವರ್ಷಗಳಿಂದ ಒಂದೇ ಅಳತೆಯ, ಅಂದರೆ 215/75 ಆರ್ 15ರ, ಎರಡು ಸೆಟ್ ಟೈರು ಇಟ್ಟುಕೊಂಡಿದ್ದೇನೆ: ಬೇಸಿಗೆಗೆ ಸಾಮಾನ್ಯ ರಸ್ತೆಯ ಟೈರು, ಮಳೆಗಾಲಕ್ಕೆ ದಪ್ಪ ಕಚ್ಚಿನ ಆಲ್ ಟೆರೇನ್ ಟೈರು. ವರ್ಷಕ್ಕೆ ಎರಡು ಸಲ ಇವನ್ನು ಬದಲಾಯಿಸಿ, ಬಿಚ್ಚಿದ ಸೆಟ್ಟನ್ನು ಮುಂದಿನ ಹಂಗಾಮಿನವರೆಗೆ ತನ್ನಲ್ಲೇ ಇಟ್ಟುಕೊಳ್ಳುವ ಶಿರಸಿಯ ಅಂಗಡಿಯೊಂದರ ಕೆಲಸವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಈ ಯೋಚನೆ ಬಂದದ್ದು ಜರ್ಮನಿಯಲ್ಲಿರುವ ತಮ್ಮನ ಮಗನಿಂದ. ಅಲ್ಲಿನವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಬೇಸಿಗೆಯ ಟೈರಿನಲ್ಲಿ ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ, ಚಳಿಗಾಲದ್ದರ ರಬ್ಬರು ಮೆದುವಾಗಿಯೇ ಉಳಿಯುತ್ತದೆ. ಆ ಮೆದು ರಬ್ಬರನ್ನು ನಮ್ಮ ಏಪ್ರಿಲ್ ಡಾಂಬರಿನ ಮೇಲೆ ಓಡಿಸಿದರೆ ಬೇಗ ಸವೆದುಹೋದೀತು. ನಮ್ಮ ತೊಂದರೆ ಚಳಿಯದ್ದಲ್ಲ, ನೀರು ಮತ್ತು ಕೆಸರಿನದ್ದು; ಆದ್ದರಿಂದ ಅವರಿಂದ ಪದ್ಧತಿಯನ್ನು ತೆಗೆದುಕೊಂಡೆನೇ ಹೊರತು ಟೈರನ್ನಲ್ಲ.

ಅಂಗಡಿಯ ಮಾಲೀಕರು ಮೊದಲ ದಿನವೇ ಹೇಳಿದ್ದು, ಪ್ರತಿ ಸಲವೂ ಟೈರನ್ನು ರಿಮ್ಮಿನಿಂದ ಕಿತ್ತು ಹಾಕಿದರೆ ಅದರ ಅಂಚು ಹಾಳಾಗುತ್ತದೆ, ಎರಡನೆಯ ಸೆಟ್ಟಿಗೆಂದೇ ನಾಲ್ಕು ಹಳೆಯ ಉಕ್ಕಿನ ರಿಮ್ ಹುಡುಕಿಕೊಳ್ಳಿ ಎಂದು. ಅದಕ್ಕೆ ಒಮ್ಮೆ ಖರ್ಚಾಯಿತು, ಆದರೆ ಈಗ ಚಕ್ರ ಬದಲಾಯಿಸುವುದಕ್ಕೆ ಮುಕ್ಕಾಲು ತಾಸು ಸಾಕು. ಹುಡುಗರು ಚಕ್ರ ಕೂರುವ ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಐದೂ ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಒಂದನ್ನು ಬಿಟ್ಟು ಒಂದರಂತೆ ಬಿಗಿಯುತ್ತಾರೆ. ಜಾಕ್ ಇಳಿಸಿದ ಮೇಲೆ, ಬೇಕಾದಷ್ಟು ಬಿಗಿಯಾದೊಡನೆ ಸದ್ದು ಮಾಡುವ ಟಾರ್ಕ್ ಪಾನೆ 'ಕಟ್' ಎನ್ನುವವರೆಗೆ ಮತ್ತೊಂದು ಸುತ್ತು. ಹೀಗೆ ಬಿಗಿಯುವುದರ ಬೆಲೆ ನನಗೆ ಗೊತ್ತು. ಹಿಂದೊಮ್ಮೆ ಬೇರೆ ಕಡೆ ಗಾಳಿಯ ಗನ್ನಿನಿಂದ ಬಿಗಿಸಿಕೊಂಡ ನಟ್ಟುಗಳು ದೇವಿಮನೆ ಘಟ್ಟದಲ್ಲಿ ಪಂಕ್ಚರ್ ಆದಾಗ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ; ಪಾನೆಯ ಮೇಲೆ ನಿಂತು ಕುಣಿದೆ, ಅದೂ ಆಗದೆ, ಕಾಲಿಗೆ ಉಂಬಳ ಹತ್ತಿಸಿಕೊಂಡು ಸುರಿಯುವ ಮಳೆಯಲ್ಲಿ ನಿಂತಿದ್ದವನನ್ನು ಉದ್ದನೆಯ ಪೈಪು ಇಟ್ಟುಕೊಂಡಿದ್ದ ಲಾರಿ ಚಾಲಕರೊಬ್ಬರು ಪಾರು ಮಾಡಿದರು. ಇಲ್ಲಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಂದು ನಟ್ಟು ನೋಡಿಸಿಕೊಂಡು ಹೋಗಬೇಕೆಂದು ಒತ್ತಾಯಿಸುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ.

ದಾಸ್ತಾನಿನ ವಿಷಯದಲ್ಲಿ ಇದೇ ಮಾತು ಹೇಳಲಾರೆ. ಬಿಸಿಲು ಬೀಳದ ಕೋಣೆಯಲ್ಲಿ, ರಿಮ್ ಸಮೇತ ಮಲಗಿಸಿ ಒಂದರ ಮೇಲೊಂದು ಇಡುವುದು ಸರಿಯಾದ ಕ್ರಮವೇ. ಆದರೆ ಅದೇ ಕೋಣೆಯಲ್ಲಿ ಕಂಪ್ರೆಸರಿನ ಮೋಟಾರು ದಿನವಿಡೀ ಓಡುತ್ತಿರುತ್ತದೆ. ಮೋಟಾರಿನ ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರಿಯುವಂತೆ ಮಾಡುತ್ತದೆ ಎಂದು ಎರಡು ಸಲ ಹೇಳಿದರೂ ನಕ್ಕು ಸುಮ್ಮನಾದರು. ಮೇಲಾಗಿ, ಎಡ ಮುಂದು, ಬಲ ಹಿಂದು ಎಂಬ ಗುರುತನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗಾಲದ ತೇವಕ್ಕೆ ಅದು ಅಳಿಸಿಹೋಗಿ, ದೀಪಾವಳಿಯ ಹೊತ್ತಿಗೆ ಯಾವ ಟೈರು ಎಲ್ಲಿಯದೆಂದು ಕಚ್ಚಿನ ಆಳ ನೋಡಿ ಊಹಿಸಬೇಕಾಯಿತು. ಮರುವರ್ಷದಿಂದ ನಾನೇ ಬಿಳಿ ಪೇಂಟಿನ ಡಬ್ಬಿ ಒಯ್ಯುತ್ತಿದ್ದೇನೆ.

ನನ್ನನ್ನು ನೋಡಿ ಪೇಟೆಯಲ್ಲೇ ಮನೆಯಿರುವ ನೆಂಟರೊಬ್ಬರು ತಮ್ಮ ಸಣ್ಣ ಕಾರಿಗೂ ಎರಡನೆಯ ಸೆಟ್ ಬೇಕೆಂದು ಹೋದಾಗ ಮಾಲೀಕರು ಮಾರಲಿಲ್ಲ. ಡಾಂಬರಿನ ಮೇಲಷ್ಟೇ ಓಡುವ ಗಾಡಿಗೆ ಆಲ್ ಟೆರೇನ್ ಟೈರಿನಿಂದ ಸದ್ದು ಜಾಸ್ತಿ, ಡೀಸೆಲ್ ಜಾಸ್ತಿ, ಒದ್ದೆ ರಸ್ತೆಯಲ್ಲಿ ಬ್ರೇಕು ಒಳ್ಳೆಯ ರಸ್ತೆ ಟೈರಿನಷ್ಟು ಹಿಡಿಯುವುದೂ ಇಲ್ಲ ಎಂದರಂತೆ. ಇದೆಲ್ಲ ನನ್ನ ಅನುಭವಕ್ಕೂ ಬಂದಿರುವ ಮಾತು. ಬದಲಿಗೆ ಅವರ ಟೈರಿನ ಕಚ್ಚನ್ನು ಅಳೆದು ತೋರಿಸಿದರು. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್ ಆದರೂ, ಕುಮಟಾದಿಂದ ಕಾರವಾರದವರೆಗೆ ಹೆದ್ದಾರಿ 66ರ ಮೇಲೆ ನಿಂತ ನೀರಿನಲ್ಲಿ ವೇಗವಾಗಿ ಹೋಗುವಾಗ ಅಷ್ಟು ಕಚ್ಚು ನೀರನ್ನು ಹೊರಹಾಕಲಾರದು, ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. 3 ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸಿ ಎಂದು ಕಳಿಸಿಕೊಟ್ಟರು. ಬಂದ ಗಿರಾಕಿಗೆ ಬೇಡವೆನ್ನುವ ಇಂಥ ಅಂಗಡಿಗೆ ಸೀಮೆಸುಣ್ಣದ ತಪ್ಪನ್ನು ನಾನು ಮಾಫಿ ಮಾಡಿದ್ದೇನೆ, ಕಂಪ್ರೆಸರಿನದ್ದನ್ನು ಇನ್ನೂ ಮಾಡಿಲ್ಲ.

ಹೋಗುವವರು ರೋಹಿಣಿ ಮಳೆಯ ಹೊತ್ತಿಗೇ, ಮೇ ಕೊನೆಯ ವಾರದಲ್ಲಿ, ಫೋನು ಮಾಡಿ ಹೋಗಬೇಕು. ಜೂನ್ ಹತ್ತು ದಾಟಿದರೆ ಅಂಗಳದ ತುಂಬ ಜೀಪುಗಳೇ ನಿಂತಿರುತ್ತವೆ, ಬೆಳಿಗ್ಗೆ ಒಂಬತ್ತಕ್ಕೆ ಹೋದವರ ಸರದಿ ಊಟದ ಹೊತ್ತು ಕಳೆದ ಮೇಲೆ ಬರುತ್ತದೆ.